ಸೋಡಚೀಟಿಗೆ ಸಂಘದ ಸಾಲ ಬೇಕೇ? ಕೋರ್ಟ್ ಫೀ ಬಗ್ಗೆ ನಾಲ್ಕು ಮಾತು



ಔರಾದ ತಾಲೂಕಿನ ಒಂದು ಸಂಘದ ಸಭೆಯಲ್ಲಿ ಒಬ್ಬ ಸದಸ್ಯೆ ಸಾಲ ಕೇಳಿದ್ದಳು. ಕಾರಣ 'ಮನೆ ಖರ್ಚು' ಅಂತ ಬರೆಸಿದ್ದಳು. ಸಭೆ ಮುಗಿದ ಮೇಲೆ ನನ್ನನ್ನು ಬದಿಗೆ ಕರೆದು, "ಸಿಸ್ಟರ್, ಗಂಡ ಬಿಟ್ಟು ನಾಲ್ಕು ವರ್ಷ ಆತು. ಸೋಡಚೀಟಿ ಮಾಡಿಸ್ಬೇಕು, ಕೋರ್ಟಿಗೆ ಕಟ್ಟಾಕ ರೊಕ್ಕ ಬೇಕ್ರಿ" ಅಂದಳು. ಎಷ್ಟು ಕಟ್ಟಬೇಕು ಅಂತ ಯಾರು ಹೇಳಿದ್ರು ಅಂದರೆ, ಊರಲ್ಲಿ ಯಾರೋ ಹೇಳಿದ್ರಂತೆ. ಇಂಥ ಸಾಲ ಎಷ್ಟು ಸಂಘಗಳ ಪುಸ್ತಕದಲ್ಲಿ 'ಮನೆ ಖರ್ಚು' ಅಂತ ಕೂತಿದೆಯೋ! ಅದಕ್ಕೇ ಈ ಲೇಖನ.

ಮೊದಲ ಮಾತು. ವಿಚ್ಛೇದನದ ಅರ್ಜಿಗೆ ಹಚ್ಚುವ ಕೋರ್ಟ್ ಫೀ, ಹೊಲ-ಮನೆ ದಾವೆಯ ಹಾಗೆ ಆಸ್ತಿಯ ಬೆಲೆ ನೋಡಿ ಲೆಕ್ಕ ಹಾಕುವಂಥದ್ದಲ್ಲ. ಅದು ನಿಗದಿ ಮಾಡಿದ ಸಣ್ಣ ಮೊತ್ತ. ನಮ್ಮನ್ನು ಹಣ್ಣು ಮಾಡೋದು ವಕೀಲರ ಫೀ, ನೋಟಿಸು, ಟೈಪಿಂಗು, ನಕಲು, ಮತ್ತೆ ಮತ್ತೆ ಬರುವ ತಾರೀಖು. ಆದ್ದರಿಂದ 'ಕೋರ್ಟ್ ಫೀ ಕಮ್ಮಿ ಮಾಡಿಸೋದು ಹೇಗೆ' ಅಂತ ಕೇಳೋದಕ್ಕಿಂತ 'ಈ ಪೂರಾ ಖರ್ಚು ಯಾರು ಹೊರಬೇಕು' ಅಂತ ಕೇಳಬೇಕು.

ಅದಕ್ಕೆ ಉತ್ತರ ಕಾನೂನಿನಲ್ಲೇ ಇದೆ. 1987ರಲ್ಲಿ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಆಯಿತು, 1995ರ ನವೆಂಬರ್ 9ರಿಂದ ಜಾರಿಗೆ ಬಂತು. ಅದರ 12ನೇ ಕಲಂ ಪ್ರಕಾರ ಮಹಿಳೆಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ಇಲ್ಲಿ ಗಮನ ಕೊಡಿ: ಮಹಿಳೆಗೆ ಆದಾಯದ ಮಿತಿ ಇಲ್ಲ. ಬಿಪಿಎಲ್ ಕಾರ್ಡು ಬೇಕು, ತಹಸೀಲ್ದಾರರ ಆದಾಯ ಪ್ರಮಾಣಪತ್ರ ಬೇಕು ಅಂತ ಯಾರಾದರೂ ಓಡಾಡಿಸಿದರೆ 12ನೇ ಕಲಂ ನೆನಪು ಮಾಡಿಕೊಡಿ. ಕೂಲಿ ಮಾಡುವವಳಿಗೂ ಅಂಗನವಾಡಿ ಕಾರ್ಯಕರ್ತೆಗೂ ಒಂದೇ. ಈ ನೆರವಿನಲ್ಲಿ ವಕೀಲರು ಮಾತ್ರ ಅಲ್ಲ, ಕೋರ್ಟ್ ಫೀ, ನೋಟಿಸಿನ ಪ್ರೊಸೆಸ್ ಫೀ, ದೃಢೀಕೃತ ನಕಲಿನ ಖರ್ಚು ಎಲ್ಲಾ ಸೇರುತ್ತದೆ.

ಎಲ್ಲಿ ಹೋಗಬೇಕು? ಬೀದರಿನವರು ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. ಭಾಲ್ಕಿ, ಔರಾದಿನವರು ತಮ್ಮ ಊರಿನ ಕೋರ್ಟಿನಲ್ಲೇ ಇರುವ ತಾಲೂಕು ಕಾನೂನು ಸೇವಾ ಸಮಿತಿಗೆ. ಬಿಳಿ ಹಾಳೆ ಮೇಲೆ ಬರೆದುಕೊಟ್ಟರೂ ಆದೀತು. ಓದು ಬರಹ ಬಾರದಿದ್ದರೆ ಬಾಯಿಂದ ಹೇಳಿ, ಅವರು ಬರೆದುಕೊಂಡು ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು. ಫೋನ್ ಮಾಡುವವರಿಗೆ 15100.

ನೆರವಿನ ವಕೀಲರಿಗೆ ಫೀ ಕೊಡುವುದು ಪ್ರಾಧಿಕಾರ. ಅವರು ನಿಮ್ಮ ಕೈಯಿಂದ ರೊಕ್ಕ ಕೇಳುವಂತಿಲ್ಲ. 'ಚಾಯ್-ಪಾನಿ'ಗೂ ಇಲ್ಲ. ಕೇಳಿದರೆ ಜಗಳ ಮಾಡಬೇಡಿ, ಸುಮ್ಮನೆ ಕೊಡಲೂ ಬೇಡಿ, ಕಾರ್ಯದರ್ಶಿಯವರಿಗೆ ಬರೆದುಕೊಡಿ. ವಕೀಲರನ್ನು ಬದಲಾಯಿಸಿ ಅಂತಲೂ ಕೇಳಬಹುದು. ಪುಗಸಟ್ಟೆ ವಕೀಲರು ಸರಿಯಾಗಿ ನಡೆಸೋದಿಲ್ಲ ಅಂತ ಮಾತಿದೆ. ಕೆಲವರ ವಿಷಯದಲ್ಲಿ ನಾನೂ ಬೇಜಾರಾದದ್ದುಂಟು, ಸುಳ್ಳು ಯಾಕೆ ಹೇಳಲಿ. ಆದರೆ ಸಾಲ ಮಾಡಿ ಇಟ್ಟ ವಕೀಲರೂ ಎಲ್ಲರೂ ತಾರೀಖಿಗೆ ಸರಿಯಾಗಿ ಬರುತ್ತಾರೆ ಅಂತೇನಿಲ್ಲ. ಯಾರೇ ಇರಲಿ, ತಾರೀಖು ನೀವೇ ಬರೆದಿಟ್ಟುಕೊಳ್ಳಿ.

ಇನ್ನೊಂದು, ಗಡಿ ಭಾಗದ ನಮಗೆ ಬಹಳ ಉಪಯೋಗದ್ದು. ಉದಗೀರ, ದೇಗಲೂರ, ಜಹೀರಾಬಾದ ಕಡೆ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬಂದು ಕೂತಾಗ, 'ಕೇಸು ಗಂಡನ ಊರಲ್ಲೇ ಹಾಕಬೇಕು' ಅಂತ ಹೆದರಿಸುತ್ತಾರೆ. ಹಿಂದೂ ವಿವಾಹ ಕಾಯ್ದೆಗೆ 2003ರಲ್ಲಿ ತಿದ್ದುಪಡಿ ಆಗಿ, ಹೆಂಡತಿ ತಾನು ಈಗ ವಾಸ ಇರುವ ಜಾಗದ ಕೋರ್ಟಿನಲ್ಲೇ ಅರ್ಜಿ ಹಾಕಬಹುದು ಅಂತಾಗಿದೆ. ಔರಾದಿನದ್ದೋ ಭಾಲ್ಕಿಯದ್ದೋ ಬೀದರಿನದ್ದೋ, ಯಾವ ಕೋರ್ಟು ಅನ್ನೋದನ್ನು ವಕೀಲರು ಹೇಳುತ್ತಾರೆ. ಮಹಾರಾಷ್ಟ್ರದಲ್ಲೇ ಉಳಿದವರಿಗೂ ಒಂದು ಮಾತು: ಅಲ್ಲಿನ ಸರ್ಕಾರ 1994ರಲ್ಲೇ ಆದೇಶ ಮಾಡಿ ವಿಚ್ಛೇದನ, ಜೀವನಾಂಶದ ಕೇಸುಗಳಲ್ಲಿ ಮಹಿಳೆಯರಿಗೆ ಕೋರ್ಟ್ ಫೀ ಮಾಫಿ ಮಾಡಿತು.

ಕೇಸು ನಡೆಯುವಾಗಿನ ಖರ್ಚು ಗಂಡನಿಂದಲೂ ಕೇಳಬಹುದು. ಹಿಂದೂ ವಿವಾಹ ಕಾಯ್ದೆಯ 24ನೇ ಕಲಂ, ಕ್ರೈಸ್ತರಿಗಾದರೆ ವಿಚ್ಛೇದನ ಕಾಯ್ದೆಯ 36ನೇ ಕಲಂ ಇದಕ್ಕಿದೆ. ನೋಟಿಸು ಮುಟ್ಟಿದ 60 ದಿನದೊಳಗೆ ಆದಷ್ಟು ಮಟ್ಟಿಗೆ ತೀರ್ಮಾನ ಆಗಬೇಕು ಅಂತ ಕಾನೂನು ಹೇಳುತ್ತದೆ. ತಡ ಆಗುವುದೂ ಉಂಟು. ಆದರೆ ಬೇರೆ ಅರ್ಜಿ ಹಾಕಿ ಕೇಳಿದರೆ ಮಾತ್ರ, ತಾನಾಗಿ ಬರುವುದಿಲ್ಲ. ಹೊಟ್ಟೆ-ಬಟ್ಟೆಯ ಜೀವನಾಂಶಕ್ಕೆ ಹಿಂದೆ 125ನೇ ಕಲಂ ಅನ್ನುತ್ತಿದ್ದದ್ದು 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ 144ನೇ ಕಲಂ ಆಗಿದೆ. ಇದು ಎಲ್ಲ ಧರ್ಮದವರಿಗೂ ಇದೆ. ವಿಚ್ಛೇದನ ಆದ ಮುಸ್ಲಿಂ ಮಹಿಳೆಯೂ ಕೇಳಬಹುದು ಅಂತ ಸುಪ್ರೀಂ ಕೋರ್ಟು 2024ರ ಜುಲೈ 10ರಂದು ಸ್ಪಷ್ಟ ಮಾಡಿದೆ.

ಪಂಚರ ಮುಂದೆ ಬಾಂಡ್ ಪೇಪರಿನಲ್ಲಿ ಬರೆಸಿದ ಸೋಡಚೀಟಿ ನಂಬಿ ಕೂಡಬೇಡಿ. ನಿಮ್ಮ ಜಾತಿಯಲ್ಲಿ ಅಂಥ ಪದ್ಧತಿ ಹಿಂದಿನಿಂದ ಇದೆ ಅಂತ ಕೋರ್ಟಿನಲ್ಲಿ ಸಾಬೀತು ಮಾಡಬೇಕಾದ ಕಷ್ಟ ಮುಂದೆ ಬರುತ್ತದೆ. ನಮ್ಮ ಕ್ರೈಸ್ತ ಸಹೋದರಿಯರೂ ತಿಳಿಯಬೇಕು: ಧರ್ಮಸಭೆಯ ನ್ಯಾಯಮಂಡಳಿ ಕೊಡುವ ರದ್ದತಿ ಸರ್ಕಾರದ ಕಾನೂನಿಗೆ ವಿಚ್ಛೇದನ ಆಗುವುದಿಲ್ಲ, ಕೋರ್ಟಿನ ಡಿಕ್ರಿ ಬೇಕೇ ಬೇಕು.

ಆ ಸದಸ್ಯೆಯನ್ನು ಸಂಘದ ಇಬ್ಬರು ಜೊತೆಗೂಡಿ ಸಮಿತಿಗೆ ಕರೆದುಕೊಂಡು ಹೋದರು. ಸಾಲದ ಅರ್ಜಿ ವಾಪಸ್ ತಗೊಂಡಳು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಚಿಂತೆ ಕಮ್ಮಿ, ತಾರೀಖಿನ ದಿನದ ಕೂಲಿ ಮಾತ್ರ ಹೋಗುತ್ತದೆ.

ಹೋಗುವಾಗ ಆಧಾರ್ ಕಾರ್ಡು, ಲಗ್ನಪತ್ರಿಕೆ ಅಥವಾ ಮದುವೆ ಫೋಟೋ, ಮಕ್ಕಳ ಜನನ ಪ್ರಮಾಣಪತ್ರ, ಗಂಡನ ಸರಿಯಾದ ವಿಳಾಸ ಒಯ್ಯಿರಿ. ಎಲ್ಲದರ ಝೆರಾಕ್ಸ್ ಎರಡೆರಡು ಇರಲಿ, ಅಸಲು ಯಾರ ಕೈಗೂ ಬಿಟ್ಟು ಬರಬೇಡಿ. ಕೊಟ್ಟ ಅರ್ಜಿಗೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.