ವಾಚನ್ನಲ್ಲ, ಹುಡುಗಿಯನ್ನು ಕೇಳಿ

ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ: ‘ಮಗಳು 800 ಮೀಟರ್ ಓಡುತ್ತಾಳೆ. ಹುಟ್ಟುಹಬ್ಬಕ್ಕೆ ಸ್ಮಾರ್ಟ್‌ವಾಚ್ ಕೊಡಿಸಿದೆವು. ಈಗ ಬೆಳಿಗ್ಗೆ ಅದರಲ್ಲಿ ರಿಕವರಿ ಕೆಂಪಗಿದ್ದರೆ ಗ್ರೌಂಡಿಗೇ ಹೋಗಲ್ಲ ಅಂತಾಳೆ. ಕೋಚ್ ಸಿಟ್ಟಾಗಿದ್ದಾರೆ. ನಾವು ಯಾರ ಮಾತು ಕೇಳೋಣ?’

ಮೊದಲು ಆ ವಾಚು ಏನನ್ನು ಅಳೆಯುತ್ತದೆ ನೋಡೋಣ. ನಾಡಿ ನಿಮಿಷಕ್ಕೆ 60 ಸಲ ಬಡಿದರೂ ಗಡಿಯಾರದ ಮುಳ್ಳಿನಂತೆ ಸೆಕೆಂಡಿಗೊಂದು ಬಡಿಯುವುದಿಲ್ಲ. ಎರಡು ಬಡಿತಗಳ ನಡುವಿನ ಅಂತರ ಒಮ್ಮೆ 950 ಮಿಲಿಸೆಕೆಂಡ್, ಇನ್ನೊಮ್ಮೆ 1040. ದೇಹ ನಿರಾಳವಾಗಿದ್ದಾಗ ವೇಗಸ್ ನರದ ಪ್ರಭಾವದಿಂದ ಈ ಏರಿಳಿತ ಹೆಚ್ಚು. ದಣಿವು, ಜ್ವರ, ಪರೀಕ್ಷೆಯ ಆತಂಕ, ನಿದ್ದೆಗೇಡು, ಯಾವುದಿದ್ದರೂ ಕಡಿಮೆ. ಮಣಿಕಟ್ಟಿಗೆ ಹಸಿರು ಬೆಳಕು ಹಾಯಿಸಿ ವಾಚು ಇದನ್ನು ಅಂದಾಜು ಮಾಡುತ್ತದೆ. ಅದಕ್ಕೆ ನಿದ್ದೆಯ ಲೆಕ್ಕವನ್ನೂ ಕೂಡಿಸಿ, ಕಂಪನಿ ಪೂರ್ತಿ ಬಿಟ್ಟುಕೊಡದ ಸೂತ್ರವೊಂದರಿಂದ ಅಂಕಿ ತೆಗೆಯುತ್ತದೆ. ಆ ಅಂಕಿಗೆ ಬಣ್ಣ ಬಳಿಯುವುದು ಮಾರುಕಟ್ಟೆಯವರ ಕೆಲಸ.

ತಮಾಷೆಯೆಂದರೆ, 2013ರಲ್ಲಿ ಫ್ರೆಂಚ್ ಸಂಶೋಧಕರು ಟ್ರಯಾಥ್ಲಾನ್ ಪಟುಗಳಿಗೆ ಬೇಕೆಂದೇ ಅತಿಯಾದ ತಾಲೀಮು ಕೊಟ್ಟು ನೋಡಿದಾಗ, ಬಸವಳಿದವರ ನಾಡಿಯ ಏರಿಳಿತ ತಗ್ಗುವ ಬದಲು ಹೆಚ್ಚಿತ್ತು. ಅಂಥವರ ಕೈಯಲ್ಲಿ ವಾಚು ಹಸಿರು ತೋರಿಸಿದರೂ ಆಶ್ಚರ್ಯವಿಲ್ಲ.

ಹಾಗಾದರೆ ಯಾವುದನ್ನು ನಂಬುವುದು? 1960ರ ದಶಕದಲ್ಲಿ ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ಸೈಕಲ್ ತುಳಿಯುತ್ತಿದ್ದವರನ್ನು ‘ಎಷ್ಟು ಕಷ್ಟ ಅನಿಸುತ್ತಿದೆ?’ ಎಂದು ಕೇಳಿ, ಉತ್ತರಕ್ಕೆ 6ರಿಂದ 20ರವರೆಗಿನ ಅಳತೆಗೋಲು ಮಾಡಿದರು. 6ರಿಂದಲೇ ಏಕೆ? ಹೇಳಿದ ಅಂಕಿಗೆ ಒಂದು ಸೊನ್ನೆ ಸೇರಿಸಿದರೆ ಹೆಚ್ಚುಕಮ್ಮಿ ಆಗಿನ ನಾಡಿಬಡಿತ ಸಿಗಲಿ ಎಂದು. ಅಮೆರಿಕದ ಕಾರ್ಲ್ ಫಾಸ್ಟರ್ ಇದನ್ನು ಇನ್ನೂ ಸರಳಗೊಳಿಸಿದರು. ತಾಲೀಮು ಮುಗಿದ ಅರ್ಧ ಗಂಟೆಯ ಮೇಲೆ ಹತ್ತಕ್ಕೆ ಎಷ್ಟು ಕಷ್ಟವಾಯಿತೆಂದು ಕೇಳಿ, ಅದನ್ನು ನಿಮಿಷಗಳಿಂದ ಗುಣಿಸುವುದು. 60 ನಿಮಿಷ, ಕಷ್ಟ 5 ಎಂದರೆ ಆ ದಿನದ ಹೊರೆ 300. ಅಷ್ಟೇ. ಒಂದು ನೋಟ್‌ಬುಕ್ಕು, ಒಂದು ಪೆನ್ನು.

ಇದೆಲ್ಲ ಬಡವರ ಉಪಾಯ ಎನ್ನಬೇಡಿ. ಅಮೆರಿಕದವರೇ ಆದ ವಿಲಿಯಂ ಮಾರ್ಗನ್ ಹತ್ತು ವರ್ಷ ಈಜುಗಾರರ ಮನಸ್ಥಿತಿಯನ್ನು ಪ್ರಶ್ನಾವಳಿಯಿಂದ ಅಳೆದು 1987ರಲ್ಲಿ ಪ್ರಕಟಿಸಿದರು: ಈಜುವ ದೂರ ಏರಿದಂತೆ ಮನಸ್ಸು ಕೆಡುತ್ತಿತ್ತು, ದೂರ ಇಳಿಸಿದಾಗ ಸುಧಾರಿಸುತ್ತಿತ್ತು. 2016ರಲ್ಲಿ ಆಸ್ಟ್ರೇಲಿಯಾದವರು 56 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ತಾಲೀಮಿನ ಹೊರೆಯನ್ನು ರಕ್ತಪರೀಕ್ಷೆ, ನಾಡಿಬಡಿತಗಳಿಗಿಂತ ಚೆನ್ನಾಗಿ ಹಿಡಿದು ತೋರಿಸಿದ್ದು ಪಟುವಿನ ಬಾಯಿಮಾತೇ.

ಕೋಚಿಗೂ ಒಂದು ಮಾತಿದೆ. ತಾರಸಿಗೆ ಮೋಲ್ಡ್ ಹಾಕಿದ ಮೇಸ್ತ್ರಿ ಮರುದಿನ ಅದರ ಮೇಲೆ ಪುಟ್ಟ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತಾನೆ. ಕಾಂಕ್ರೀಟಿಗೆ ಬಲ ಬರುವುದು ಸುರಿದ ದಿನವಲ್ಲ, ಆಮೇಲಿನ ಮೂರು ನಾಲ್ಕು ವಾರಗಳ ಕ್ಯೂರಿಂಗಿನಲ್ಲಿ. ಅಷ್ಟರಲ್ಲೇ ಸೆಂಟ್ರಿಂಗ್ ಬಿಚ್ಚಿ ಮೇಲೆ ಇಟ್ಟಿಗೆ ಪೇರಿಸಿದರೆ? ಸ್ನಾಯುವಿನದೂ ಇದೇ ಕಥೆ. 1994ರಲ್ಲಿ ನೆದರ್ಲೆಂಡ್ಸ್‌ನವರು ಪಂದ್ಯದ ಕುದುರೆಗಳ ತಾಲೀಮು ಏರಿಸುತ್ತ ಹೋದರು. ಕಷ್ಟದ ದಿನಗಳು ಕಠಿಣವಾದಾಗ ಕುದುರೆಗಳು ತಾಳಿಕೊಂಡವು. ನಡುವಿನ ಹಗುರ ದಿನಗಳನ್ನೂ ಬಿಗಿ ಮಾಡಿದಾಗ ಸೋತವು. ವಾರವಿಡೀ ಒಂದೇ ಹದದಲ್ಲಿ ಓಡಿಸುವ ಕೋಚುಗಳು ನಮ್ಮಲ್ಲಿ ಕಡಿಮೆಯೇನಿಲ್ಲ.

ಆದ್ದರಿಂದ ದಾವಣಗೆರೆಯ ಅಪ್ಪ, ವಾಚನ್ನು ಬಿಸಾಡಬೇಕಿಲ್ಲ. ಒಂದು ದಿನದ ಕೆಂಪಿಗೆ ಬೆಲೆ ಕೊಡಬೇಡಿ, ಎರಡು ವಾರದ ಇಳಿಜಾರನ್ನು ನೋಡಿ. ಅವಳು ವಾಚು ನೋಡುವ ಮುಂಚೆಯೇ ನಿದ್ದೆ, ಮೈಕೈ ನೋವು, ಓಡುವ ಮನಸ್ಸು ಮೂರಕ್ಕೂ ಐದರೊಳಗೆ ಅಂಕಿ ಬರೆದಿಡಲಿ, ಕೋಚ್ ಅದನ್ನು ಓದಲಿ. ಬಿಡುವು ಕೊಟ್ಟು ಎರಡು ಮೂರು ವಾರವಾದರೂ ಓಟದ ಸಮಯ ಸುಧಾರಿಸದಿದ್ದರೆ ಡಾಕ್ಟರ ಬಳಿ ಕರೆದೊಯ್ಯಿರಿ. ಅತಿ ತಾಲೀಮಿನ ಕಾಯಿಲೆಯನ್ನು ಹಿಡಿಯುವ ನೇರ ಪರೀಕ್ಷೆ ಇಲ್ಲ. ಉಳಿದ ಕಾರಣಗಳೆಲ್ಲ ಅಲ್ಲವೆಂದ ಮೇಲೆ ಉಳಿಯುವ ಹೆಸರು ಅದು. ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್ ನೋಡಿಸಿ. ಮುಟ್ಟು ತಪ್ಪುತ್ತಿದೆಯೇ, ಓಟಕ್ಕೆ ತಕ್ಕಷ್ಟು ಊಟ ಸೇರುತ್ತಿದೆಯೇ ಎಂದು ಅವಳಮ್ಮ ವಿಚಾರಿಸಲಿ. ಓಡುವ ಹುಡುಗಿಯರಲ್ಲಿ ತಾಲೀಮಿನ ದಣಿವೆಂದು ಕಾಣುವುದು ಎಷ್ಟೋ ಸಲ ಅರೆಹೊಟ್ಟೆಯ ದಣಿವಾಗಿರುತ್ತದೆ.