ಲಘುವಿಮಾನದ ಕಾಲುಗಳು

ವಿಮಾನವೆಂದೊಡನೆ ನಮ್ಮ ಕಣ್ಣು ರೆಕ್ಕೆಯ ಕಡೆಗೂ ಕಿವಿ ಎಂಜಿನ್ನಿನ ಕಡೆಗೂ ಹೋಗುವುದು ಸಹಜವೇ ಆದರೂ, ತರಬೇತಿಯ ಸಣ್ಣ ವಿಮಾನದಲ್ಲಿ ದಿನದಿನವೂ ಪೆಟ್ಟು ತಿನ್ನುವ ಅಂಗವೆಂದರೆ ಅದರ ಚಕ್ರಗಳು ಮತ್ತು ಆ ಚಕ್ರಗಳನ್ನು ಹಿಡಿದಿರುವ ಕಾಲುಗಳು. ಇವನ್ನೆಲ್ಲ ಒಟ್ಟಾಗಿ ಲ್ಯಾಂಡಿಂಗ್ ಗೇರ್ ಎನ್ನುತ್ತಾರೆ. ಪ್ರಯಾಣಿಕರ ದೊಡ್ಡ ವಿಮಾನವು ಗಂಟೆಗಟ್ಟಲೆ ಹಾರಿ ಒಮ್ಮೆ ಇಳಿದರೆ, ವಿದ್ಯಾರ್ಥಿಯ ವಿಮಾನವು ಒಂದು ಗಂಟೆಯೊಳಗೆ ಹಲವು ಸಲ ಭೂಸ್ಪರ್ಶ ಮಾಡಿ ಮತ್ತೆ ಮೇಲೇಳುತ್ತದೆ. ಅದೂ ಇನ್ನೂ ಪಳಗದ ಕೈಗಳಿಂದ. ಬೆಂಗಳೂರಿನ ಜಕ್ಕೂರು ವಿಮಾನ ಮೈದಾನದ ಬೇಲಿಯ ಬಳಿ ನಿಂತು ನೋಡಿದವರಿಗೆ ಈ ಅಭ್ಯಾಸ ಅಪರಿಚಿತವಲ್ಲ.

ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡು 1951ರಲ್ಲಿ ಮೊದಲು ಹಾರಿದ ಎಚ್‌ಟಿ-2 ವಿಮಾನಕ್ಕೆ ಮುಂದೆ ಎರಡು ಚಕ್ರ, ಬಾಲದಡಿಯಲ್ಲಿ ಒಂದು ಪುಟ್ಟ ಚಕ್ರ ಇದ್ದವು. 1955ರಲ್ಲಿ ಅಮೆರಿಕದಲ್ಲಿ ಹಾರಿದ, ಇಂದಿಗೂ ಲೋಕದ ವೈಮಾನಿಕ ಶಾಲೆಗಳಲ್ಲೆಲ್ಲ ಕಾಣಸಿಗುವ ಸೆಸ್ನಾ 172ರಲ್ಲಿ ಮೂರನೆಯ ಚಕ್ರವು ಮೂಗಿನಡಿಗೆ ಬಂದಿತು. ಇದರಿಂದ ಇಳಿಯುವುದೂ ನೆಲದ ಮೇಲೆ ನಡೆಸುವುದೂ ಸುಲಭವಾದುವು. ಆದರೆ ಸೂಕ್ಷ್ಮವಾದ ಅಂಗವೊಂದು ಎಲ್ಲಕ್ಕಿಂತ ಮುಂದೆ ನಿಂತಂತಾಯಿತು.

ಈ ವಿಮಾನದ ಹಿಂದಿನ ಎರಡು ಕಾಲುಗಳಲ್ಲಿ ಎಣ್ಣೆಯಿಲ್ಲ, ಕೀಲಿಲ್ಲ. ಅವು ಬರಿಯ ಉಕ್ಕು, ಬಿದಿರಿನ ಗಳುವಿನಂತೆ ಬಾಗಿ ಮರಳಿ ನೆಟ್ಟಗಾಗುತ್ತವೆ. ಇಷ್ಟು ಸರಳವಾದುದಕ್ಕೆ ಏನು ಪರೀಕ್ಷೆಯೆಂದು ಕೇಳಬಹುದು. ಮತ್ತೆ ಮತ್ತೆ ಬಾಗುವ ಉಕ್ಕಿಗೆ ಮೈಮೇಲಿನ ಒಂದು ಗೀರು, ಬಣ್ಣದ ಕೆಳಗೆ ಕವಿದ ತುಕ್ಕಿನ ಒಂದು ಚುಕ್ಕೆ ಸಾಕು. ಒತ್ತಡವೆಲ್ಲ ಅಲ್ಲಿಯೇ ಕೇಂದ್ರೀಕರಿಸಿ ಬಿರುಕು ಹುಟ್ಟುತ್ತದೆ. ಆದುದರಿಂದ ಬಣ್ಣ ಎದ್ದಿರುವಲ್ಲಿ ಅದನ್ನು ಕೆರೆದು ತೆಗೆದು, ಉಕ್ಕನ್ನು ನಯಗೊಳಿಸಿ, ಮತ್ತೆ ಬಣ್ಣ ಬಳಿಯುವುದು ಅಲಂಕಾರದ ಮಾತಲ್ಲ.

ಮೂಗಿನ ಕಾಲಿನ ರಚನೆಯೇ ಬೇರೆ. ಓಲಿಯೋ ಎಂದು ಕರೆಯುವ ಆ ಕೊಳವೆಯೊಳಗೆ ಕೆಂಪು ಹೈಡ್ರಾಲಿಕ್ ಎಣ್ಣೆಯೂ ಒತ್ತಿ ತುಂಬಿದ ಗಾಳಿಯೂ ಇರುತ್ತವೆ. ಚಕ್ರ ನೆಲಕ್ಕೆ ತಾಗಿ ಒಳಕೊಳವೆ ಮೇಲಕ್ಕೆ ನುಗ್ಗಿದಾಗ ಎಣ್ಣೆಯು ಸಣ್ಣ ರಂಧ್ರವೊಂದರ ಮೂಲಕ ಬಲವಂತವಾಗಿ ಹಾಯ್ದು, ಪೆಟ್ಟಿನ ಶಕ್ತಿಯನ್ನು ಉಷ್ಣವಾಗಿ ಪರಿವರ್ತಿಸುತ್ತದೆ. ಗಾಳಿಯು ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಹೊರಗೆ ಕಾಣುವ ಥಳಥಳಿಸುವ ಕೊಳವೆಯ ಮೇಲೆ ಕುಳಿತ ಧೂಳು, ಅದರೊಡನೆ ಒಳಗೆ ಹೋಗಿ ರಬ್ಬರಿನ ಸೀಲನ್ನು ಕೊರೆಯುತ್ತದೆ. ಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಅದನ್ನು ಒರೆಸುವುದು ಅರ್ಧ ನಿಮಿಷದ ಕೆಲಸ, ಆದರೂ ಎಷ್ಟೋ ಕಡೆ ಅದೇ ಬಿಟ್ಟುಹೋಗುತ್ತದೆ. ಬಾಲದ ಬುಡವನ್ನು ಮೆಲ್ಲನೆ ಒತ್ತಿ ಮೂಗನ್ನೆತ್ತಿ, ಚಕ್ರವನ್ನು ಎಡಬಲಕ್ಕೆ ಅಲುಗಿಸಿ ನೋಡಿದರೆ ಕೀಲುಗಳ ಸವೆತ ಕೈಗೇ ತಿಳಿಯುತ್ತದೆ. ಈ ಸಡಿಲವನ್ನು ಅಲಕ್ಷಿಸಿದರೆ ಓಡುವಾಗ ಚಕ್ರವು ಥರಥರನೆ ನಡುಗಲಾರಂಭಿಸಿ, ಆ ನಡುಕ ವಿಮಾನದ ಮೈಗೆಲ್ಲ ಏರುತ್ತದೆ.

ಟಯರು ಮತ್ತು ಚಕ್ರದ ಅಂಚಿಗೆ ಸೇರಿಸಿ ಎಳೆದ ಒಂದು ಬಣ್ಣದ ಗೆರೆಯನ್ನು ಅನೇಕ ವಿಮಾನಗಳಲ್ಲಿ ಕಾಣಬಹುದು. ಗೆರೆ ಕಡಿದು ಎರಡು ತುಂಡುಗಳು ಬೇರೆ ಬೇರೆ ನಿಂತಿದ್ದರೆ, ಟಯರು ಚಕ್ರದ ಮೇಲೆ ಜಾರಿದೆಯೆಂದೂ, ಒಳಗಿನ ಟ್ಯೂಬಿನ ವಾಲ್ವು ಕಿತ್ತುಬರುವ ಅಪಾಯವಿದೆಯೆಂದೂ ಅರ್ಥ. ಟಯರಿನ ಗಾಳಿಯನ್ನು ಅಂದಾಜಿನಿಂದ ತುಂಬಲಾಗದು: 172ಎಸ್ ಮಾದರಿಯ ಹಿಂದಿನ ಚಕ್ರಗಳಿಗೆ ಚದರ ಇಂಚಿಗೆ 42 ಪೌಂಡು ಬೇಕಾದರೆ, ಅದರ ಸೋದರ 172ಆರ್ ಮಾದರಿಗೆ 29 ಸಾಕು. ಚಕ್ರವು ಬೋಲ್ಟುಗಳಿಂದ ಬಿಗಿದ ಎರಡು ಹೋಳುಗಳಾಗಿರುವುದರಿಂದ, ಗಾಳಿಯನ್ನು ಪೂರ್ಣವಾಗಿ ಬಿಡದೆ ಆ ಬೋಲ್ಟುಗಳಿಗೆ ಕೈಹಾಕಿದ ಮೆಕ್ಯಾನಿಕನ ಪ್ರಾಣಕ್ಕೇ ಸಂಚಕಾರ. ಬೇರಿಂಗುಗಳನ್ನು ತೊಳೆದು, ಹೊಂಡ ಬಿದ್ದಿದೆಯೇ, ಕಾದು ನೀಲಿಯಾಗಿದೆಯೇ ಎಂದು ನೋಡಿ ಹೊಸ ಗ್ರೀಸು ತುಂಬುವುದು, ಬ್ರೇಕಿನ ಪ್ಯಾಡು ಸವೆದಿದ್ದರೆ ಬದಲಿಸುವುದು ಮಾಮೂಲಿನ ಕೆಲಸಗಳು.

ಆದರೆ ನೂರು ಗಂಟೆಗಳ ಹಾರಾಟಕ್ಕೊಮ್ಮೆ ಮಾಡುವ ಪರೀಕ್ಷೆ ಎಷ್ಟು ಶ್ರದ್ಧೆಯದಾದರೂ, ನಿನ್ನೆಯ ಸಾಯಂಕಾಲ ವಿಮಾನವು ಮೂಗು ಮುಂದಾಗಿ ನೆಲಕ್ಕೆ ಅಪ್ಪಳಿಸಿತೆಂಬುದನ್ನು ಯಾರೂ ಹೇಳದೆ ಹೋದರೆ ಅದರಿಂದೇನು ಫಲ? ಮೂಗಿನ ಕಾಲು ನಿಂತಿರುವುದು ಎಂಜಿನ್ನಿನ ಹಿಂದಿರುವ ಫೈರ್‌ವಾಲ್ ಎಂಬ ತೆಳುತಗಡಿನ ಆಧಾರದ ಮೇಲೆ. ಅಂಥ ಪೆಟ್ಟಿನಲ್ಲಿ ಕಾಲು ಮುರಿಯದೆ ಆ ತಗಡು ಸುಕ್ಕುಗಟ್ಟಬಹುದು. ಹೊರಗಿನಿಂದ ನೋಡಿದವನಿಗೆ ವಿಮಾನವು ನೆಟ್ಟಗೇ ನಿಂತಿರುತ್ತದೆ. ಆದುದರಿಂದ ಗಡುಸಾಗಿ ಇಳಿದೆನೆಂದು ತಾನಾಗಿ ಬಂದು ಹೇಳುವ ವಿದ್ಯಾರ್ಥಿಯನ್ನು ಗದರಿಸುವ ಶಿಕ್ಷಕನು ಮುಂದೆ ಹಾರುವವರಿಗೆ ದ್ರೋಹ ಬಗೆಯುತ್ತಾನೆಂದೇ ನನ್ನ ಅಭಿಪ್ರಾಯ.

ಹಾಗೆ ತಿಳಿಸಿದೊಡನೆ ಎಂಜಿನ್ನಿನ ಹೊದಿಕೆಯನ್ನು ತೆಗೆದು ತಗಡಿನ ಸುಕ್ಕನ್ನೂ, ಸಡಿಲಗೊಂಡ ರಿವೆಟ್ಟುಗಳ ಸುತ್ತ ಕೂಡುವ ಕಪ್ಪು ಪುಡಿಯನ್ನೂ ಹುಡುಕುತ್ತಾರೆ. ಸಂಶಯ ಬಂದ ಲೋಹದ ಭಾಗವನ್ನು ಶುಚಿಗೊಳಿಸಿ ಕೆಂಪು ದ್ರವವೊಂದನ್ನು ಸವರಿ, ಕೆಲಹೊತ್ತು ಬಿಟ್ಟು ಒರೆಸಿ, ಬಿಳಿಯ ಪುಡಿಯ ಲೇಪ ಕೊಡುತ್ತಾರೆ; ಬರಿಗಣ್ಣಿಗೆ ಕಾಣದ ಬಿರುಕಿನೊಳಗೆ ಅಡಗಿದ ಬಣ್ಣವು ಆ ಬಿಳುಪಿನ ಮೇಲೆ ಕೂದಲೆಳೆಯಂಥ ಕೆಂಪು ಗೆರೆಯಾಗಿ ಮೂಡುತ್ತದೆ. ಪ್ರೊಪೆಲ್ಲರಿನ ತುದಿ ನೆಲಕ್ಕೆ ಬಡಿದಿದ್ದರಂತೂ ಪರೀಕ್ಷೆಯು ಕಾಲಿಗೇ ನಿಲ್ಲದೆ ಎಂಜಿನ್ನನ್ನು ಬಿಚ್ಚಿ ನೋಡುವವರೆಗೆ ಹೋಗುತ್ತದೆ. ಎಲ್ಲವೂ ಸರಿಯಾದ ಮೇಲೆ ವಿಮಾನವನ್ನು ಜ್ಯಾಕಿನಿಂದಿಳಿಸಿ, ಒಳಕ್ಕೆ ಕೂಡಿಕೊಂಡಿದ್ದ ಉಕ್ಕಿನ ಕಾಲುಗಳು ಹರಡಿ ಸ್ವಸ್ಥಾನಕ್ಕೆ ಬರುವಂತೆ ಕೈಯಿಂದ ಹಿಂದೆ ಮುಂದೆ ಉರುಳಿಸಿ, ಮಾಡಿದುದನ್ನೆಲ್ಲ ಲಾಗ್ ಪುಸ್ತಕದಲ್ಲಿ ಬರೆದು ಇಂಜಿನಿಯರು ಸಹಿ ಹಾಕಿದ ತರುವಾಯವೇ ಅದು ಮತ್ತೆ ಹಾರತಕ್ಕದ್ದು.