ಹಳೆಯ ಹಾರ್ನಿಗೆ ಹೊಸ ಗಂಟಲು

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ದುರಸ್ತಿ ಕೆಲಸ ಶುರು. ಬಯಲಾಟ, ನೇಮ, ಜಾತ್ರೆ, ಚರ್ಚಿನ ಹಬ್ಬ ಎಂದು ಆರು ತಿಂಗಳು ಊರೂರು ತಿರುಗಿದ ಮೈಕಿನ ಹಾರ್ನುಗಳು ನಾರಾವಿಯ ನನ್ನ ಅಂಗಡಿಯ ಜಗಲಿಗೆ ಬಂದು ಬೀಳುತ್ತವೆ. ಕೆಲವದರ ಬಾಯಿ ಜಜ್ಜಿರುತ್ತದೆ, ಕೆಲವು ಮೂಕ, ಕೆಲವು ಗೊರಗೊರ. ತಂದವರದ್ದು ಹೆಚ್ಚಾಗಿ ಒಂದೇ ಪ್ರಶ್ನೆ: "ಇದನ್ನು ಗುಜರಿಗೆ ಹಾಕುವುದಾ ಮಾರಾಯ್ರೆ?"

ಬೇಡ ಎನ್ನುತ್ತೇನೆ. ಹಾರ್ನ್ ಅಂದರೆ ಬರೀ ಅಲ್ಯುಮಿನಿಯಂ ತಗಡು. ಅದಕ್ಕೆ ಮುಪ್ಪಿಲ್ಲ. ಕೆಡುವುದು ಅದರ ಬೆನ್ನಿಗೆ ತಿರುಗಿಸಿ ಕೂರಿಸಿದ, ದನಿ ಹುಟ್ಟಿಸುವ ಯುನಿಟ್. ಯುನಿಟ್ ಕೆಡುವುದಕ್ಕೂ ಬಹಳಷ್ಟು ಸಲ ಹೊರಗಿನ ಕಾರಣವೇ ಇರುತ್ತದೆ. ಆ ಕಾರಣವನ್ನು ಬಿಟ್ಟು ಯುನಿಟನ್ನು ಮಾತ್ರ ಬದಲಾಯಿಸಿದರೆ ಮುಂದಿನ ವರ್ಷ ಮತ್ತೆ ಇಲ್ಲಿಗೇ ಬರಬೇಕಾಗುತ್ತದೆ.

ಹಾರ್ನ್ ಮಾಡುವ ಕೆಲಸ ನಮಗೆಲ್ಲ ಗೊತ್ತಿರುವುದೇ. ಗದ್ದೆಯ ಆಚೆ ಬದಿಯವರನ್ನು ಕರೆಯುವಾಗ ಎರಡೂ ಅಂಗೈಗಳನ್ನು ಬಾಯಿಯ ಸುತ್ತ ಹಿಡಿದು ಕೂ ಹಾಕುತ್ತೇವಲ್ಲ, ಅದೇ. ಸಾಮಾನ್ಯ ಕೋನ್ ಸ್ಪೀಕರ್ ತನಗೆ ಸಿಕ್ಕಿದ ವಿದ್ಯುತ್ತಿನಲ್ಲಿ ನೂರಕ್ಕೆ ಒಂದೆರಡು ಪಾಲನ್ನು ಮಾತ್ರ ದನಿಯಾಗಿ ಕೊಡುತ್ತದೆ. ಉಳಿದದ್ದೆಲ್ಲ ಬಿಸಿಯಾಗಿ ಹೋಗುತ್ತದೆ. ಒಳ್ಳೆಯ ಹಾರ್ನ್ ನೂರಕ್ಕೆ ಇಪ್ಪತ್ತಕ್ಕಿಂತಲೂ ಹೆಚ್ಚು ಪಾಲನ್ನು ದನಿಯಾಗಿಸಬಲ್ಲದು. ಕರೆಂಟಿನ ಕಂಬ ಬಾರದ ಕಾಲದಲ್ಲಿ ಗ್ಯಾಸ್‌ಲೈಟಿನ ಬೆಳಕಿನಲ್ಲಿ ಆಟ ನಡೆಯುವಾಗ, ಒಂದು ಕಾರಿನ ಬ್ಯಾಟರಿ, ಮೂವತ್ತು ವ್ಯಾಟಿನ ಆಂಪ್ಲಿ, ಮರಕ್ಕೆ ಕಟ್ಟಿದ ಎರಡು ಹಾರ್ನ್ ಇಡೀ ಬಯಲಿಗೆ ಸಾಕಾಗುತ್ತಿದ್ದದ್ದು ಹೀಗೆ.

ಈ ವಿದ್ಯೆಗೆ ನೂರು ವರ್ಷ ದಾಟಿತು. 1915ರಲ್ಲಿ ಅಮೆರಿಕದಲ್ಲಿ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡಂ, ತಂತಿಯ ಸುರುಳಿಯೊಂದು ಅಯಸ್ಕಾಂತದ ನಡುವೆ ಅಲುಗುವ ಯಂತ್ರಕ್ಕೆ ಹಾರ್ನ್ ಜೋಡಿಸಿ, ಅದೇ ಡಿಸೆಂಬರ್ 24ರಂದು ಸ್ಯಾನ್ ಫ್ರಾನ್ಸಿಸ್ಕೋದ ಭಾರೀ ಜನಸ್ತೋಮಕ್ಕೆ ಕೇಳಿಸಿದರು. 1926ರಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ 555 ಎಂಬ ಯುನಿಟ್ ಬಂತು. ಮಾತಾಡುವ ಸಿನಿಮಾಕ್ಕೆ ಗಂಟಲಾದದ್ದು ಅದೇ. ನಮ್ಮ ದೇಶದಲ್ಲಿ ಕಾಂಗ್ರೆಸ್ ಸಭೆಗಳಿಗೆ ಮೈಕ್ ಹಾಕಿದ ಚಿಕಾಗೋ ರೇಡಿಯೋ, 1940ರಲ್ಲಿ ಶುರುವಾದ ದಿಲ್ಲಿಯ ಅಹುಜಾ ಈ ಹಾರ್ನನ್ನು ಹಳ್ಳಿಹಳ್ಳಿಗೂ ತಲುಪಿಸಿದವು. ನನ್ನ ಜಗಲಿಯಲ್ಲಿ ಬಿದ್ದಿರುವ ಯುನಿಟ್‌ನ ಒಳಗಿರುವುದು ಇಂದಿಗೂ ಅದೇ ಸುರುಳಿ, ಅದೇ ಅಯಸ್ಕಾಂತ.

ಒಂದನ್ನು ಬಿಚ್ಚಿ ತೋರಿಸುತ್ತೇನೆ. ಬಿಚ್ಚುವ ಮೊದಲು ಮಲ್ಟಿಮೀಟರ್ ಹಿಡಿಯಬೇಕು. 16 ಓಮ್ಸ್ ಎಂದು ಬರೆದ ಯುನಿಟ್ ಮೀಟರಿನಲ್ಲಿ 12ರ ಆಸುಪಾಸು ತೋರಿಸಿದರೆ ಕಾಯಿಲ್, ಅಂದರೆ ಆ ಸುರುಳಿ, ಜೀವಂತ ಎಂದು ಅರ್ಥ. ಏನೂ ತೋರಿಸದಿದ್ದರೂ ಸುಟ್ಟೇ ಹೋಗಿದೆ ಎಂದು ತೀರ್ಮಾನಿಸಬಾರದು. ಕುದುರೆಮುಖದ ಬುಡದ ನಮ್ಮಂಥ ಊರಿನಲ್ಲಿ ಮಳೆಗಾಲದ ಪಸೆ ಕಾಯಿಲಿನ ತುದಿಯ ಬೆಸುಗೆಯನ್ನೇ ತಿಂದುಹಾಕಿರುತ್ತದೆ. ಹಸಿರುಗಟ್ಟಿದ ಆ ಜಾಗವನ್ನು ಕೆರೆದು ಮತ್ತೆ ಬೆಸುಗೆ ಹಾಕಿದರೆ ಎಷ್ಟೋ ಮೂಕ ಯುನಿಟ್‌ಗಳು ಮಾತಾಡುತ್ತವೆ.

ಹಿಂದಿನ ಮುಚ್ಚಳದ ಸ್ಕ್ರೂ ತೆಗೆದರೆ ಡಯಾಫ್ರಮ್ ಕಾಣುತ್ತದೆ. ಬೇಕಲೈಟ್ ಅಂಟು ಕುಡಿಸಿದ ಬಟ್ಟೆಯ ಕಂದು ಗುಮ್ಮಟ ಅದು. ಅಂಚಿನಲ್ಲಿ ಕೂದಲೆಳೆಯಂಥ ತಂತಿಯ ಬಳೆ, ಅದೇ ಕಾಯಿಲ್. ಬಳೆ ಕಪ್ಪಗಾಗಿ ವಾರ್ನಿಷ್ ಸುಟ್ಟ ವಾಸನೆ ಬಂದರೆ ಅದಕ್ಕೆ ಪವರ್ ಹೆಚ್ಚಾಗಿದೆ ಅಥವಾ ಆಂಪ್ಲಿಯನ್ನು ಮಿತಿ ಮೀರಿ ತಿರುಗಿಸಿ ದನಿ ಒಡೆಯುವಂತೆ ಬಿಟ್ಟಿದ್ದಾರೆ. ಕಾಯಿಲ್ ಸರಿಯಿದ್ದು ಗುಮ್ಮಟ ಸೀಳಿದ್ದರೆ ಕಾರಣ ಬೇರೆ, ಅದನ್ನು ಮುಂದೆ ಹೇಳುತ್ತೇನೆ. ಬಳೆ ಅಲುಗುವ ಸಂದು ಒಂದು ಮಿಲಿಮೀಟರಿನಷ್ಟು ಮಾತ್ರ. ಅಯಸ್ಕಾಂತ ಅಲ್ಲಿಗೆ ಕಬ್ಬಿಣದ ಹುಡಿಯನ್ನೆಲ್ಲ ಎಳೆದುಕೊಂಡಿರುತ್ತದೆ, ಬದಿಯಲ್ಲಿ ತುಕ್ಕೂ ಕಟ್ಟಿರುತ್ತದೆ. ಊದಿದರೆ ಹೋಗುವುದಿಲ್ಲ. ಅಂಟು ಹೊರಗೆ ಬರುವಂತೆ ಮಡಚಿದ ಟೇಪನ್ನು ತೆಳು ಹಾಳೆಗೆ ಸುತ್ತಿ ಸಂದಿನೊಳಗೆ ಸುತ್ತಲೂ ಎಳೆಯಬೇಕು. ಟೇಪ್ ಬೆಳ್ಳಗೆ ಹೊರಬರುವವರೆಗೂ ಎಳೆಯಬೇಕು. ಗೊರಗೊರ ಎನ್ನುವ ಯುನಿಟ್‌ಗೆ ಮೊದಲ ಮದ್ದು ಇದೇ.

ಹೊಸ ಡಯಾಫ್ರಮ್ ತರುವಾಗ ಈಗಿನ ಹುಡುಗರು ಟೈಟಾನಿಯಂ ಬೇಕು ಎನ್ನುತ್ತಾರೆ. ಸ್ಪೀಕರ್ ಡಬ್ಬದ ಮೇಲ್ಭಾಗದಲ್ಲಿ ಕೂತು ಬರೀ ಸಣ್ಣ ಸ್ವರವನ್ನು ಹೇಳುವ ಯುನಿಟ್‌ಗೆ ಅದು ಒಳ್ಳೆಯದೇ, ಚಕ್ರತಾಳ ಸ್ಪಷ್ಟವಾಗಿ ಮಿನುಗುತ್ತದೆ. ಆದರೆ ಮರಕ್ಕೆ ಕಟ್ಟುವ ಹಾರ್ನ್ 300 ಹರ್ಟ್ಸ್‌ನಿಂದಲೇ ಮಾತನ್ನು ಹೊರಬೇಕು. ಅಲ್ಲಿ ಬಟ್ಟೆಯ ಡಯಾಫ್ರಮ್ಮೇ ಗಟ್ಟಿ. ನನ್ನ ಕಿವಿಗೆ ಭಾಗವತರ ಕಂಠ ಅದರಲ್ಲಿ ಬಂದಷ್ಟು ಚೆನ್ನಾಗಿ ಲೋಹದಲ್ಲಿ ಬಂದಿಲ್ಲ.

ಈಗ ಗುಮ್ಮಟ ಸೀಳುವ ವಿಷಯಕ್ಕೆ ಬರುತ್ತೇನೆ. ಪ್ರತಿ ಹಾರ್ನಿಗೂ ಒಂದು ಕೆಳಗಿನ ಮಿತಿ ಇದೆ. ಬಾಯಿಯ ಸುತ್ತಳತೆ ದನಿಯ ಒಂದು ಅಲೆಯಷ್ಟಾದರೂ ಇರಬೇಕು ಎಂಬುದು ಲೆಕ್ಕ. 300 ಹರ್ಟ್ಸ್ ದನಿಯ ಅಲೆ ಸುಮಾರು 1.15 ಮೀಟರ್ ಉದ್ದ. ಅಂದರೆ ಬಾಯಿ ಹದಿನಾಲ್ಕೂವರೆ ಇಂಚು ಅಗಲ ಬೇಕು. 200 ಹರ್ಟ್ಸ್‌ಗೆ ಇಳಿಯಬೇಕಾದರೆ ಇಪ್ಪತ್ತೊಂದೂವರೆ ಇಂಚು. ಆ ಮಿತಿಯ ಮೇಲಿರುವಷ್ಟು ಹೊತ್ತು ಹಾರ್ನಿನೊಳಗಿನ ಗಾಳಿ ಡಯಾಫ್ರಮ್ಮನ್ನು ಒತ್ತಿ ಹಿಡಿಯುತ್ತದೆ. ಮಿತಿಯ ಕೆಳಗೆ ಗಾಳಿಯ ಆ ಹಿಡಿತ ಇಲ್ಲ. ಮದ್ದಳೆಯ ಗುಂ, ವೇಷ ರಂಗದಲ್ಲಿ ದಿಗಿಣ ಹಾಕುವಾಗ ಮೈಕಿಗೆ ಬರುವ ಹಲಗೆಯ ಧಡಧಡ, ಭಾಗವತರ ಉಸಿರು ತಾಗಿದಾಗಿನ ಭಪ್ ಎಲ್ಲವೂ ಯುನಿಟ್‌ಗೆ ಹೋಗುತ್ತವೆ. ದನಿಯಾಗಿ ಹೊರಬರುವುದಿಲ್ಲ, ಡಯಾಫ್ರಮ್ಮನ್ನು ಮಾತ್ರ ಅತ್ತಿತ್ತ ಬಡಿಯುತ್ತವೆ. ಒಂದು ರಾತ್ರಿಯಲ್ಲಿ ಸೀಳದಿದ್ದರೆ ಹತ್ತು ರಾತ್ರಿಯಲ್ಲಿ ಸೀಳುತ್ತದೆ.

ಇದಕ್ಕೆ ಬೇಕಾದದ್ದು ಒಂದು ಕೆಪಾಸಿಟರ್. 16 ಓಮ್ಸ್ ಯುನಿಟ್‌ಗೆ 33 ಮೈಕ್ರೋಫ್ಯಾರಡ್‌ನದ್ದನ್ನು ಸಾಲಾಗಿ ಜೋಡಿಸಿದರೆ 300 ಹರ್ಟ್ಸ್‌ನ ಕೆಳಗಿನದ್ದು ಹಂತಹಂತವಾಗಿ ಕಡಿಮೆಯಾಗುತ್ತದೆ. ಪ್ಲಸ್ ಮೈನಸ್ ಗುರುತಿನ ಸಾಮಾನ್ಯ ಕೆಪಾಸಿಟರ್ ಇಲ್ಲಿ ನಡೆಯುವುದಿಲ್ಲ, ಎರಡೂ ಕಡೆಗೆ ಕೆಲಸ ಮಾಡುವಂಥದ್ದೇ ಆಗಬೇಕು. ಉದ್ದದ ವಯರಿಗಾಗಿ 100 ವೋಲ್ಟ್ ಲೈನಿನ ಟ್ರಾನ್ಸ್‌ಫಾರ್ಮರ್ ಇರುವ ಹಾರ್ನ್ ಆದರೆ, 30 ವ್ಯಾಟಿನ ಟ್ಯಾಪಿಗೆ ಲೈನಿನ ಬದಿಯಲ್ಲಿ ಒಂದೂವರೆ ಮೈಕ್ರೋಫ್ಯಾರಡ್ ಸಾಕು. ಅದು 250 ವೋಲ್ಟ್ ಎಸಿ ತಡೆಯುವಂಥದ್ದಿರಲಿ. ಟ್ರಾನ್ಸ್‌ಫಾರ್ಮರನ್ನು ಮಾತ್ರ ಕಿತ್ತು ಹಾಕಬೇಡಿ. 16 ಓಮ್ಸ್‌ಗೆ ನೇರ 30 ವ್ಯಾಟ್ ಕಳಿಸಿದರೆ ವಯರಿನಲ್ಲಿ 1.37 ಆಂಪಿಯರ್ ಹರಿಯುತ್ತದೆ, 100 ವೋಲ್ಟಿನಲ್ಲಿ ಬರೀ 0.3. ರಂಗಸ್ಥಳದಿಂದ ದೂರದ ಹಲಸಿನ ಮರಕ್ಕೆ ಎಳೆದ ವಯರಿನಲ್ಲಿ ಹೀಗೆ ವ್ಯರ್ಥವಾಗುವುದು ಇಪ್ಪತ್ತು ಪಟ್ಟು ಕಡಿಮೆ.

ಎರಡು ದಾರಿಯ ಹಳೆಯ ಡಬ್ಬಗಳಲ್ಲಿ, ಅಂದರೆ ಕೆಳಗೆ ಹದಿನೈದು ಇಂಚಿನ ಕೋನ್, ಮೇಲೆ ಪುಟ್ಟ ಹಾರ್ನ್ ಇರುವಂಥವುಗಳಲ್ಲಿ, ದಪ್ಪ ಸ್ವರವನ್ನು ತಡೆಯುವ ಈ ಕೆಲಸವನ್ನು ಕ್ರಾಸ್‌ಓವರ್ ಮಾಡುತ್ತದೆ. ದಪ್ಪ ಸ್ವರ ಕೆಳಕ್ಕೆ, ಸಣ್ಣ ಸ್ವರ ಮೇಲಕ್ಕೆ ಎಂದು ಪಾಲು ಮಾಡುವುದು ಕಾಯಿಲ್ ಮತ್ತು ಕೆಪಾಸಿಟರಿನ ಆ ಸಣ್ಣ ಹಲಗೆ. ಡಬ್ಬ ಹಳತಾದಂತೆ ಮೊದಲು ಸಾಯುವುದು ಅದರ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಒಳಗಿನ ದ್ರವ ಒಣಗಿ ಅದರ ಮೈಕ್ರೋಫ್ಯಾರಡ್ ಕುಸಿಯುತ್ತದೆ, ಮಾತು ಮಂಕಾಗುತ್ತದೆ, ಯುನಿಟ್ ಹೋಯಿತು ಎಂದು ಜನ ಭಾವಿಸುತ್ತಾರೆ. 8 ಓಮ್ಸ್ ಯುನಿಟ್‌ಗೆ 2500 ಹರ್ಟ್ಸ್‌ನಲ್ಲಿ ಪಾಲು ಮಾಡಲು 8 ಮೈಕ್ರೋಫ್ಯಾರಡ್ ಬೇಕು. ಪಾಲಿಪ್ರೊಪಿಲೀನ್ ಜಾತಿಯದ್ದನ್ನು ಹಾಕಿದರೆ ಅದು ಒಣಗುವ ಮಾತಿಲ್ಲ. ಕೆಪಾಸಿಟರ್ ಬದಲಾಯಿಸದೆ ಡಯಾಫ್ರಮ್ ಬದಲಾಯಿಸುವುದು ದುಡ್ಡು ದಂಡ.

ಬದಲಾವಣೆಯ ಫಲ ಗೊತ್ತಾಗುವುದು ಮಾತೇ ಪ್ರಧಾನವಾದ ತಾಳಮದ್ದಳೆಯಲ್ಲಿ. ಅರ್ಥಧಾರಿಯ ಮಾತಿನಲ್ಲಿ ಸ ಮತ್ತು ಶ ಬೇರೆ ಬೇರೆಯಾಗಿ ಕೇಳಬೇಕಾದರೆ ಮೂರು ನಾಲ್ಕು ಸಾವಿರ ಹರ್ಟ್ಸ್‌ನ ಮೇಲಿನ ದನಿ ಕೆಡದೆ ಬರಬೇಕು. ಹಳೆಯ ಸೆಟ್ಟಿನಲ್ಲಿ ಅದೇ ಸತ್ತಿರುತ್ತದೆ. ಆಗ ಮಾತು ತಿಳಿಯಲಿಲ್ಲ ಎಂದು ಆಂಪ್ಲಿ ಏರಿಸುತ್ತಾರೆ. ಏರಿಸಿದಷ್ಟೂ ಗದ್ದಲ, ಗದ್ದಲ ಹೆಚ್ಚಿದಷ್ಟೂ ಊರಿನಲ್ಲಿ ತಕರಾರು.

ಹಾರ್ನನ್ನೇ ಬದಲಾಯಿಸುವುದು ಕಟ್ಟಕಡೆಯ ಕೆಲಸ. ಜಜ್ಜಿದ ಅಂಚನ್ನು ಮರದ ಸುತ್ತಿಗೆಯಲ್ಲಿ ತಟ್ಟಿ ಸರಿ ಮಾಡಬಹುದು. ಮಡಚಿದ ದಾರಿಯ ರಿಫ್ಲೆಕ್ಸ್ ಹಾರ್ನಿನಲ್ಲಿ ನಡುವಿನ ಕೊಳವೆ ಸಡಿಲವಾಗಿ ಝಣಝಣ ಎಂದರೆ ಬಿಗಿದು ಸಂದಿಗೆ ರಬ್ಬರ್ ವಾಷರ್ ಕೊಡಿ. ಯುನಿಟ್ ಕೂರುವಲ್ಲಿ ಗಾಳಿ ಸೋರಬಾರದು. ಹೆಚ್ಚಿನವುಗಳ ತಿರುಪು 1 3/8 ಇಂಚು, ಇಂಚಿಗೆ 18 ಎಳೆ. ಹಾಗಾಗಿ ಹಳೆಯ ಹಾರ್ನಿಗೆ ಹೊಸ ಯುನಿಟ್ ಸಲೀಸಾಗಿ ಕೂರುತ್ತದೆ. ಒಂದೇ ಕಡೆಗೆ ಎರಡು ಹಾರ್ನ್ ಕಟ್ಟುವಾಗ ವಯರು ಅದಲುಬದಲಾದರೆ ಒಂದರ ದನಿಯನ್ನು ಇನ್ನೊಂದು ನುಂಗುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಒಂದರ ತಂತಿ ತಿರುಗಿಸಿ ನೋಡಿ, ಯಾವಾಗ ದನಿ ತುಂಬಿ ಬರುತ್ತದೋ ಅದೇ ಸರಿ.

ಕಾನೂನಿನ ಮಾತನ್ನೂ ಹೇಳಲೇಬೇಕು. 2000ದ ಶಬ್ದ ಮಾಲಿನ್ಯ ನಿಯಮದಂತೆ ಬಯಲಿನಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಮನೆಗಳಿರುವಲ್ಲಿ ಹಗಲಿನ ಮಿತಿ 55 ಡೆಸಿಬಲ್, ರಾತ್ರಿಯದ್ದು 45. 2005ರ ಜುಲೈ 18ರ ಸುಪ್ರೀಂ ಕೋರ್ಟ್ ತೀರ್ಪು ಇದನ್ನು ಗಟ್ಟಿ ಮಾಡಿತು. ಇಡೀ ರಾತ್ರಿಯ ಆಟ ಕಾಲಮಿತಿಗೆ ಇಳಿದದ್ದಕ್ಕೆ ಇದೂ ಒಂದು ಕಾರಣ. ನನಗೆ ಈ ನಿಯಮದ ಮೇಲೆ ಸಿಟ್ಟಿಲ್ಲ. ರೋಗಿ ಮಲಗಿದ ಮನೆ, ಪರೀಕ್ಷೆಗೆ ಓದುವ ಮಕ್ಕಳು ಎಲ್ಲ ಊರಲ್ಲೂ ಇದ್ದಾರೆ. ಹಾರ್ನಿನ ಗುಣವೇ ದನಿಯನ್ನು ಬೇಕಾದ ಕಡೆಗೆ ಮಾತ್ರ ಕಳಿಸುವುದು. ಅದನ್ನು ತೆಂಗಿನ ತುದಿಗೆ ಕಟ್ಟಿ ಗುಡ್ಡದ ಕಡೆಗೆ ಮುಖ ಮಾಡಿಸುವುದು ನಾವು.

ಹಾಗಾಗಿ ಆಟ ಆಡಿಸುವ ಸಮಿತಿಯವರಲ್ಲಿ ನನ್ನದೊಂದು ಕೋರಿಕೆ. ಮುಂದಿನ ತಿರುಗಾಟ ಹೊರಡುವ ಮೊದಲು ನಿಮ್ಮ ಮೈಕದವರ ಹತ್ತಿರ ಕೆಪಾಸಿಟರ್ ಹಾಕಿದ್ದೀರಾ ಎಂದು ಕೇಳಿ. ಆಟದ ದಿನ ಹಾರ್ನನ್ನು ಹತ್ತು ಹನ್ನೆರಡು ಅಡಿ ಎತ್ತರದಲ್ಲಿ ಕಟ್ಟಿಸಿ, ಅದರ ಬಾಯಿಯನ್ನು ಕೊನೆಯ ಸಾಲಿನಲ್ಲಿ ಕೂತವರ ತಲೆಯ ಕಡೆಗೆ ಬಾಗಿಸಿ. ಆಮೇಲೆ ನೀವೇ ಹೋಗಿ ಆ ಸಾಲಿನಲ್ಲಿ ಕೂತು ಕೇಳಿ, ಮಾತು ತಿಳಿಯುವಷ್ಟು ಮಾತ್ರ ಆಂಪ್ಲಿ ಏರಿಸಲು ಹೇಳಿ.